ಇಳಕಲ್ಲಿನ ಮೇಲೆ ಸೊಟ್ಟಾದ ಗೆರೆಗಳು

ಮಹೇಶ್ವರಿ ಮೇಡಮ್ಮಿಗೆ ಯಾವುದಕ್ಕೂ "ಗೊತ್ತಿಲ್ಲ" ಎಂದು ಹೇಳಿ ರೂಢಿಯಿರಲಿಲ್ಲ. ಬಾಗಲಕೋಟೆಯ ಪಾಲಿಟೆಕ್ನಿಕ್ ಒಂದರಲ್ಲಿ ಇಪ್ಪತ್ತಾರು ವರ್ಷ ಎಲೆಕ್ಟ್ರಾನಿಕ್ಸ್ ಕಲಿಸಿದವರು. ಬೋರ್ಡಿನ ಮುಂದೆ ನಿಂತಾಗ ಹಿಂದಿನ ಬೆಂಚಿನಿಂದ ಎಂಥ ಪ್ರಶ್ನೆ ಬಂದರೂ ಸೀಮೆಸುಣ್ಣ ಕೆಳಗಿಡದೆ ಉತ್ತರ ಕೊಟ್ಟವರು. ಐವತ್ತು ದಾಟಿದ ಮೇಲೆ ಅವರಿಗೆ ವಿಮಾನದ ಹುಚ್ಚು ಹತ್ತಿತು. ವಿಮಾನ ಹತ್ತುವ ಹುಚ್ಚಲ್ಲ, ಕೂತಲ್ಲಿಂದಲೇ ಅವನ್ನು ಹಿಂಬಾಲಿಸುವ ಹುಚ್ಚು. ಮಾಳಿಗೆಯ ಮೇಲೊಂದು ಆಂಟೆನಾ, ಒಳಗೆ ಅಂಗೈಯಗಲದ ಒಂದು ಕಂಪ್ಯೂಟರು. ಆಕಾಶದಲ್ಲಿ ಹೋಗುವ ವಿಮಾನಗಳು ತಾವೆಲ್ಲಿದ್ದೇವೆ, ಎಷ್ಟು ಎತ್ತರದಲ್ಲಿದ್ದೇವೆ ಎಂದು ಕ್ಷಣಕ್ಷಣಕ್ಕೂ ಹೇಳಿಕೊಳ್ಳುತ್ತ ಹೋಗುತ್ತವೆ. ಅದನ್ನು ಹಿಡಿದು ನಕಾಶೆಯ ಮೇಲೆ ಗೆರೆ ಎಳೆದು ತೋರಿಸುವುದು ಆ ಪೆಟ್ಟಿಗೆಯ ಕೆಲಸ.

ಹುಚ್ಚು ಅವರೊಬ್ಬರದೇ ಆಗಿ ಉಳಿಯಲಿಲ್ಲ. ಹುನಗುಂದದಲ್ಲಿ ಮೊಬೈಲ್ ರಿಪೇರಿ ಅಂಗಡಿಯ ತೌಸಿಫ, ಬಾದಾಮಿಯಲ್ಲಿ ಹೈಸ್ಕೂಲಿನ ವಿಜ್ಞಾನ ಮಾಸ್ತರ ವಿಜಯಮಹಾಂತೇಶ, ಇಳಕಲ್ಲಿನಲ್ಲಿ ಸೀರೆ ನೇಯುವ ಮುತ್ತಪ್ಪ, ಹೀಗೆ ಮೂರು ಊರುಗಳಲ್ಲಿ ಮೂರು ಪೆಟ್ಟಿಗೆಗಳು ಎದ್ದು ನಿಂತವು. ಒಂದು ವಾಟ್ಸಾಪ್ ಗ್ರೂಪ್ ಆಯಿತು. ಪೆಟ್ಟಿಗೆ ಇಲ್ಲದ ನಲವತ್ತು ಜನ ಬರೀ ನೋಡಲಿಕ್ಕೆಂದು ಅದರಲ್ಲಿ ಸೇರಿಕೊಂಡರು.

ಪ್ರತಿ ರವಿವಾರ ಬೆಳಿಗ್ಗೆ ಮೇಡಮ್ಮು ಆ ಗ್ರೂಪಿನಲ್ಲಿ ಒಂದು ಬರಹ ಹಾಕುತ್ತಿದ್ದರು. ಹೈದರಾಬಾದಿಗೆ ಹೊರಟ ವಿಮಾನ ಒಂದು ಕ್ಷಣ ಅರಬ್ಬೀ ಸಮುದ್ರದಲ್ಲಿ ಕಂಡು ಮತ್ತೆ ವಾಪಸು ಬಂದದ್ದು ಯಾಕೆ? ಜಾಗದ ಸುದ್ದಿ ಎರಡು ತುಂಡಾಗಿ ಬರುತ್ತದೆ. ಹಳೆಯ ತುಂಡಿಗೆ ಹೊಸ ತುಂಡು ಜೋಡಿಸಿದರೆ ಹೀಗಾಗುತ್ತದೆ. ಗಲ್ಫ್ ಕಡೆಯಿಂದ ಬಂದ ವಿಮಾನ ಇಪ್ಪತ್ತು ಕಿಲೋಮೀಟರ್ ಆಚೆ ಹಾರಿದಂತೆ ತೋರಿದ್ದು ಯಾಕೆ? ಆ ಕಡೆ ಉಪಗ್ರಹದ ಸಂಕೇತವನ್ನು ಯಾರೋ ಕೆಡಿಸುತ್ತಾರೆ. ವಿಮಾನವೇ ತನ್ನ ಜಾಗವನ್ನು ತಪ್ಪು ತಿಳಿದುಕೊಂಡಿರುತ್ತದೆ, ನಮ್ಮ ಪೆಟ್ಟಿಗೆಯದೇನೂ ತಪ್ಪಿಲ್ಲ. ಓದಿದವರು ಕೈ ಮುಗಿಯುವ ಚಿತ್ರ ಕಳಿಸುತ್ತಿದ್ದರು. ಮುತ್ತಪ್ಪ ಮಾತ್ರ ಚಿತ್ರ ಕಳಿಸುತ್ತಿರಲಿಲ್ಲ, ಫೋನೇ ಮಾಡುತ್ತಿದ್ದ. "ಮೇಡಮ್ಮಾರ, ಓದಿದ್ನಿರಿ. ಎರಡನೇದು ತಿಳೀತು, ಮೊದಲನೇದು ಇನ್ನೊಮ್ಮೆ ಹೇಳ್ರಿ" ಎನ್ನುತ್ತಿದ್ದ.

ಒಂಬತ್ತನೆಯ ಇಯತ್ತೆಗೆ ಶಾಲೆ ಬಿಟ್ಟವನು ಮುತ್ತಪ್ಪ. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ನೇಯುತ್ತಲೇ ನಲವತ್ತೆಂಟು ವರ್ಷದವನಾಗಿದ್ದ. ತೌಸಿಫ ಹೇಳಿದ ಅಳತೆಗೆ ತಾಮ್ರದ ತಂತಿ ಕತ್ತರಿಸಿ ತಾನೇ ಆಂಟೆನಾ ಮಾಡಿಕೊಂಡಿದ್ದ. ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಇಲ್ಲದ ಆ ಆಂಟೆನಾ ನಾಲ್ಕೂ ಊರಿನಲ್ಲಿ ಎಲ್ಲಕ್ಕಿಂತ ದೂರದ ವಿಮಾನ ಹಿಡಿಯುತ್ತಿತ್ತು.

ನಾಲ್ಕು ಪೆಟ್ಟಿಗೆಗಳಾದ ಮೇಲೆ ಮೇಡಮ್ಮು ಇನ್ನೊಂದು ಕೆಲಸಕ್ಕೆ ಕೈ ಹಾಕಿದರು. ಎಲ್ಲ ವಿಮಾನಗಳೂ ತಮ್ಮ ಜಾಗ ಹೇಳುವುದಿಲ್ಲ. ಹಳೆಯ ವಿಮಾನಗಳು, ತರಬೇತಿಯ ಸಣ್ಣ ವಿಮಾನಗಳು ಬರೀ ತಮ್ಮ ಗುರುತು ಹೇಳಿ ಸುಮ್ಮನಾಗುತ್ತವೆ. ಆ ಗುರುತಿನ ಸಂಕೇತ ನಾಲ್ಕು ಊರಿಗೆ ಬೇರೆ ಬೇರೆ ಕ್ಷಣಕ್ಕೆ ತಲುಪುತ್ತದೆ. ಯಾವ ಊರಿಗೆ ಎಷ್ಟು ತಡವಾಗಿ ತಲುಪಿತು ಎಂಬುದರ ಮೇಲೆ ವಿಮಾನ ಎಲ್ಲಿದೆ ಎಂದು ಹೇಳಬಹುದು. ಅದಕ್ಕೆ ಬೇಕಾದದ್ದು ಎರಡೇ: ಪೆಟ್ಟಿಗೆಯ ಗಡಿಯಾರ ತಪ್ಪಬಾರದು, ಪೆಟ್ಟಿಗೆ ಎಲ್ಲಿದೆ ಎಂಬುದು ಸರಿಯಾಗಿ ಗೊತ್ತಿರಬೇಕು. ಮೇಡಮ್ಮು ಪ್ರೋಗ್ರಾಮ್ ಬರೆದು ತಮ್ಮ ಬಾಗಲಕೋಟೆಯ ಪೆಟ್ಟಿಗೆಯನ್ನೇ ಮೂಲವೆಂದು ಇಟ್ಟುಕೊಂಡರು. ಉಳಿದ ಮೂರನ್ನೂ ಅದಕ್ಕೆ ಹೋಲಿಸಿ ನೋಡುವ ಏರ್ಪಾಡು. ಚಳಿಗಾಲವೆಲ್ಲ ಗೆರೆಗಳು ನೇಯ್ದ ದಾರದಂತೆ ನೆಟ್ಟಗೆ ಬಂದವು.

ಮೇ ತಿಂಗಳಲ್ಲಿ ಮೇಡಮ್ಮು ಮನೆ ಬದಲಿಸಿದರು. ಹಳೆಯ ಊರಿನಲ್ಲಿ ಅಣೆಕಟ್ಟಿನ ಹಿನ್ನೀರಿನ ಹತ್ತಿರ ಇನ್ನೂ ಉಳಿದಿದ್ದ ಕೆಲವೇ ಮನೆಗಳಲ್ಲಿ ಅವರದೂ ಒಂದಾಗಿತ್ತು. ಪರಿಹಾರದ ಕಾಗದಪತ್ರವೆಲ್ಲ ಮುಗಿದು, ಅದನ್ನು ಬಿಟ್ಟುಕೊಟ್ಟು ಕೆಲವು ಕಿಲೋಮೀಟರ್ ಆಚೆಯ ನವನಗರದ ಮನೆಗೆ ಬಂದರು. ಪಾತ್ರೆ ಪಗಡೆ ಟ್ರಕ್ಕಿನಲ್ಲಿ ಬಂದವು. ಪೆಟ್ಟಿಗೆಯನ್ನು ಮಾತ್ರ ಅವರು ತೊಡೆಯ ಮೇಲಿಟ್ಟುಕೊಂಡು ರಿಕ್ಷಾದಲ್ಲಿ ತಂದರು. ಹೊಸ ಮಾಳಿಗೆಯ ಮೇಲೆ ಆಂಟೆನಾ ನಿಲ್ಲಿಸಿದ ಹತ್ತು ನಿಮಿಷಕ್ಕೆ ವಿಮಾನಗಳು ಕಂಡವು. ಎಲ್ಲ ಸರಿಯಾಯಿತು ಎಂದುಕೊಂಡರು. ಜಾಗ ಹೇಳುವ ವಿಮಾನಗಳಿಗೆ ನೋಡುವವನು ಎಲ್ಲಿದ್ದರೂ ನಡೆಯುತ್ತದೆ. ಅವು ನಕಾಶೆಯ ಮೇಲೆ ಮೊದಲಿನಂತೆಯೇ ಹೋಗುತ್ತಿದ್ದವು.

ಜಾಗ ಹೇಳದ ವಿಮಾನಗಳು ಬಹಳ ದಿನ ಈ ಕಡೆ ಬರಲಿಲ್ಲ. ಸೊಟ್ಟ ಗೆರೆಗಳು ಕಂಡದ್ದು ಜೂನಿನ ಕೊನೆಗೆ. ತರಬೇತಿಯ ವಿಮಾನವೊಂದು ಬಾದಾಮಿಯ ಕಡೆ ಹೆಚ್ಚು ಕಡಿಮೆ ಸರಿಯಾಗಿಯೇ ಹಾರಿ, ಇಳಕಲ್ಲಿನ ಮೇಲೆ ಬರುತ್ತಲೇ ಕುಡಿದವನಂತೆ ಓಲಾಡಿತು. ಮರುದಿನ ಇನ್ನೊಂದು ಹಾಗೇ ಮಾಡಿತು. ಮೇಡಮ್ಮು ಮುತ್ತಪ್ಪನಿಗೆ ಫೋನ್ ಮಾಡಿ, "ನಿಮ್ಮ ಕಡೆ ಏನರ ಬದಲಾಗೇತೇನು?" ಎಂದು ಕೇಳಿದರು.

ಅವನು ಯೋಚಿಸಿ ಹೇಳಿದ. "ನನ್ನ ಕಡೆ ಏನೂ ಇಲ್ಲರಿ. ನಮ್ಮ ರಾಜೇಶ ಪಾವರ್‌ಲೂಮ್ ನಾಲ್ಕಿದ್ದದ್ದು ಎಂಟು ಮಾಡ್ಯಾನ. ಅಷ್ಟ."

ರಾಜೇಶ ಅವನ ತಮ್ಮ. ಒಂದೇ ಅಂಗಳ, ಒಂದೇ ಅಡಿಗೆಮನೆ. ಅಂಗಳದ ಈ ಕಡೆ ಅಣ್ಣನ ಕೈಮಗ್ಗ, ಆ ಕಡೆ ತಮ್ಮನ ಯಂತ್ರದ ಮಗ್ಗಗಳು.

ಮೇಡಮ್ಮಿಗೆ ಅಷ್ಟೇ ಸಾಕಾಯಿತು. ಎಂಟು ಮಗ್ಗದ ಮೋಟರುಗಳು ಶುರುವಾದಾಗ ವೋಲ್ಟೇಜು ಕುಸಿಯುತ್ತದೆ, ಪೆಟ್ಟಿಗೆ ತಡವರಿಸುತ್ತದೆ, ಗಡಿಯಾರ ಜಾರುತ್ತದೆ. ಪುಸ್ತಕದಲ್ಲಿರುವಂಥ ಕಾರಣ. ಅದನ್ನೇ ಆ ರವಿವಾರದ ಬರಹ ಮಾಡಿದರು. ಕೊನೆಯಲ್ಲಿ, "ಇಳಕಲ್ಲಿನ ಒಂದು ರಿಸೀವರಿನಿಂದ ಎಲ್ಲರ ಕೆಲಸ ಕೆಡುತ್ತಿದೆ. ಅದನ್ನು ಸರಿಪಡಿಸಿಕೊಳ್ಳಲು ಸಂಬಂಧಪಟ್ಟವರಿಗೆ ತಿಳಿಸಿದೆ" ಎಂದು ಬರೆದರು. ಸಂಬಂಧಪಟ್ಟವರು ಯಾರೆಂದು ನಲವತ್ತು ಜನಕ್ಕೂ ಗೊತ್ತಿತ್ತು. ಆ ರವಿವಾರ ಮುತ್ತಪ್ಪನ ಫೋನು ಬರಲಿಲ್ಲ.

ಬುಧವಾರ ಅವನ ಫೋನು ಬಂತು. "ಮೇಡಮ್ಮಾರ, ರಾಜೇಶಗ ಹೇಳಿ ಹನ್ನೊಂದರಿಂದ ಹನ್ನೆರಡರತನಕಾ ಮಗ್ಗ ಬಂದ್ ಇಡಸ್ತೇನಿ. ನೀವು ನೋಡ್ರಿ."

ಮೇಡಮ್ಮು ನೋಡಿದರು. ಎಂಟೂ ಮಗ್ಗ ನಿಂತ ಆ ಒಂದು ತಾಸಿನಲ್ಲಿ ಇಳಕಲ್ಲಿನ ಮೇಲೆ ಒಂದು ವಿಮಾನ ಬಂತು. ಗೆರೆ ಮೊದಲಿನಷ್ಟೇ ಸೊಟ್ಟಾಗಿತ್ತು.

ಮುಂದೆ ಎಷ್ಟೋ ಸಲ ಅವರು ನೆನೆದು ನೆನೆದು ನೊಂದದ್ದು ಈ ತಾಸನ್ನೇ. ಪ್ರಯೋಗ ಮಾಡಿದ್ದರು, ಉತ್ತರ ಕಣ್ಣೆದುರು ಬಂದಿತ್ತು. ತಮ್ಮ ವಿದ್ಯಾರ್ಥಿ ಯಾರಾದರೂ ಇಂಥ ಉತ್ತರ ಬಂದ ಮೇಲೂ ಹಳೆಯ ಮಾತನ್ನೇ ಹಿಡಿದು ಕೂತಿದ್ದರೆ ಅವನ ಜರ್ನಲ್ಲಿಗೆ ಸಹಿ ಹಾಕುತ್ತಿರಲಿಲ್ಲ. ಆದರೆ ಆಗ ಅವರು ಹೇಳಿದ್ದು ಬೇರೆ. "ಒಂದು ತಾಸು ಸಾಲೂದಿಲ್ಲ, ಮುತ್ತಪ್ಪಾರ. ಓಣಿಯೊಳಗ ಬ್ಯಾರೆಯವರ ಮಗ್ಗಾನೂ ಇರ್ತಾವು. ಒಂದು ಇಡೀ ದಿನ ಬಂದ್ ಮಾಡಿಸಿ ನೋಡಬೇಕು. ಇಲ್ಲಾ ನಿಮ್ಮ ತಮ್ಮ ಬ್ಯಾರೆ ಲೈನ್ ತಗೋಬೇಕು."

ಮುತ್ತಪ್ಪ, "ಕೇಳಿ ನೋಡ್ತೇನ್ರಿ" ಎಂದ.

ಎಂಟು ದಿನ ಕಾದು, ಅವನಿಂದ ಏನೂ ಸುದ್ದಿ ಬಾರದೆ, ಮೇಡಮ್ಮು ಇಳಕಲ್ಲಿನ ಪೆಟ್ಟಿಗೆಯನ್ನು ಲೆಕ್ಕದಿಂದ ತೆಗೆದುಹಾಕಿದರು. ಸೊಟ್ಟ ಗೆರೆಗಳು ಅವತ್ತೇ ನಿಂತವು. "ನೋಡಿದಿರಾ, ತೊಂದರೆ ಎಲ್ಲಿತ್ತು ಎಂದು ಈಗ ಸ್ಪಷ್ಟವಾಯಿತು" ಎಂದು ಗ್ರೂಪಿನಲ್ಲಿ ಬರೆದರು. ಅದೇ ಸಂಜೆ ಮುತ್ತಪ್ಪ ಗ್ರೂಪ್ ಬಿಟ್ಟ. ಮೇಡಮ್ಮು ಎರಡು ಸಲ ಫೋನ್ ಮಾಡಿದರು, ಎತ್ತಲಿಲ್ಲ. ಸಿಟ್ಟು ಬಂದಿರಬೇಕು, ಇಳಿಯಲಿ ಎಂದು ಬಿಟ್ಟರು. ಆಮೇಲೆ ಕಾಲೇಜಿನ ಪರೀಕ್ಷೆಗಳು ಬಂದವು, ದಸರೆ ಬಂತು, ದೀಪಾವಳಿ ಬಂತು.

ಫೆಬ್ರುವರಿಯಲ್ಲಿ ಕುಷ್ಟಗಿಯ ಬೀರೇಶ ಎಂಬುವನು ಹೊಸದಾಗಿ ಸೇರಿದ. ಔಷಧದ ಅಂಗಡಿಯವನು. ಊರ ಹೊರಗಿನ ತೋಟದ ಮನೆಯಲ್ಲಿ ಪೆಟ್ಟಿಗೆ ಇಟ್ಟಿದ್ದ. ಸೋಲಾರಿನ ಕರೆಂಟು, ಸುತ್ತ ಎರಡು ಮೈಲಿ ಒಂದು ಮೋಟರಿಲ್ಲ. ಮತ್ತೆ ನಾಲ್ಕಾದವಲ್ಲ, ಇಷ್ಟು ದಿನ ನಿಂತಿದ್ದ ಗೆರೆಗಳು ಮತ್ತೆ ಬರಲು ಶುರುವಾದವು. ಬಂದ ಮೊದಲ ಗೆರೆಯೇ ಸೊಟ್ಟಾಗಿತ್ತು.

ಮೇಡಮ್ಮು ಮೂರು ದಿನ ಬೀರೇಶನ ಪೆಟ್ಟಿಗೆಯನ್ನು ಜಾಲಾಡಿದರು. ಅವನಿಗೆ ಹೇಳಿ ವೈರು ಬದಲು ಮಾಡಿಸಿದರು, ಆಂಟೆನಾ ಇಳಿಸಿ ಏರಿಸಲು ಹೇಳಿದರು. ಅವನೇನೂ ಬೇಸರ ಮಾಡಿಕೊಳ್ಳದೆ, ರವಿವಾರ ಬೆಳಿಗ್ಗೆ, ಪೆಟ್ಟಿಗೆಗಳು ತಮ್ಮ ಜಾಗವೆಂದು ಕಳಿಸುವ ಅಂಕಿಗಳನ್ನು ತೆಗೆದು, ಯಾರ ಪೆಟ್ಟಿಗೆ ಎಲ್ಲಿದೆ ಎಂದು ಒಂದು ನಕಾಶೆಯ ಮೇಲೆ ಗುರುತು ಹಾಕಿ ನೋಡಿದ. ಆಮೇಲೆ ಫೋನ್ ಮಾಡಿದ.

"ಮೇಡಮ್, ತೌಸಿಫ ಅವರದು ಅಂಗಡಿ ಮ್ಯಾಲೆ ಬಂತರಿ. ಬಾದಾಮಿ ಸರ್ ಅವರದು ಸಾಲಿ ಹಿಂದ ಬಂತು. ನಿಮ್ಮನಿ ಹಿನ್ನೀರಿನ ದಂಡ್ಯಾಗ ಐತೇನ್ರಿ?"

"ಇಲ್ಲ. ನಮ್ಮದು ನವನಗರ."

"ಹಂಗಾರ ನಾ ಏನೋ ತಪ್ಪ ಹಾಕೇನಿ ನೋಡ್ರಿ" ಎಂದು ಬೀರೇಶ ಚಿತ್ರ ಕಳಿಸಿದ.

ಮಹೇಶ್ವರಿ ಚಿತ್ರವನ್ನು ದೊಡ್ಡದು ಮಾಡಿ ನೋಡಿದರು. ಬೀರೇಶ ಏನೂ ತಪ್ಪು ಹಾಕಿರಲಿಲ್ಲ. ಅವರ ಪೆಟ್ಟಿಗೆಯ ಕೆಂಪು ಚುಕ್ಕೆ ಹಳೆಯ ಮನೆಯ ಮೇಲೆ ಕೂತಿತ್ತು. ಆ ಮನೆ ಕೆಡವಿ ಆಗಲೇ ಆರು ತಿಂಗಳಾಗಿತ್ತು. ಮನೆ ಬದಲಿಸಿದ ದಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ತಂದವರು, ಅದರೊಳಗೆ ಬರೆದಿಟ್ಟ ಅಕ್ಷಾಂಶ ರೇಖಾಂಶ ಬದಲಿಸಿರಲಿಲ್ಲ. ನವನಗರದಲ್ಲಿ ಕೂತ ಪೆಟ್ಟಿಗೆ ತಾನಿನ್ನೂ ಹಳೆಯ ಊರಿನಲ್ಲೇ ಇದ್ದೇನೆಂದು ತಿಳಿದಿತ್ತು. ವಿಮಾನ ಬಾದಾಮಿಯ ಕಡೆ ಇದ್ದಾಗ ಆ ತಪ್ಪು ಹೆಚ್ಚು ಹೊರಗೆ ಬೀಳುತ್ತಿರಲಿಲ್ಲ. ದಿಕ್ಕು ಬದಲಿಸಿ ಇಳಕಲ್ಲಿನ ಕಡೆ ಬಂದಾಗ ಅಷ್ಟೂ ಹೊರಗೆ ಬರುತ್ತಿತ್ತು. ಮೂಲವೆಂದು ಇಟ್ಟುಕೊಂಡ ಪೆಟ್ಟಿಗೆಯೇ ತಪ್ಪಿದ್ದರಿಂದ ಉಳಿದವರೆಲ್ಲ ತಪ್ಪಿದಂತೆ ಕಾಣುತ್ತಿದ್ದರು.

ಅಂಕಿಗಳನ್ನು ತಿದ್ದಲು ಅವರಿಗೆ ಒಂದು ನಿಮಿಷವೂ ಹಿಡಿಯಲಿಲ್ಲ. ಆಮೇಲೆ ಹೋದ ಜೂನಿನಿಂದ ಉಳಿಸಿಟ್ಟುಕೊಂಡಿದ್ದ ದಾಖಲೆಗಳನ್ನು ತೆಗೆದು, ಇಳಕಲ್ಲಿನ ಪೆಟ್ಟಿಗೆಯನ್ನೂ ಸೇರಿಸಿ, ಹೊಸದಾಗಿ ಓಡಿಸಿದರು. ಒಂದೊಂದೇ ಗೆರೆ ನೆಟ್ಟಗಾಗುತ್ತ ಬಂತು. ನಾಲ್ಕು ಗಡಿಯಾರಗಳಲ್ಲಿ ಎಲ್ಲಕ್ಕಿಂತ ಕಡಿಮೆ ತಪ್ಪಿದ್ದು ಮುತ್ತಪ್ಪನದಾಗಿತ್ತು. ಅಡಿಗೆಮನೆಯಿಂದ ಗಂಡ ಹೊಳಬಸಪ್ಪ ಎರಡು ಸಲ ನಾಷ್ಟಾಕ್ಕೆ ಕರೆದರು. ಮಹೇಶ್ವರಿ ಎದ್ದು ಹೋಗಲಿಲ್ಲ.

ಮೊದಲು ಗ್ರೂಪಿನಲ್ಲಿ ಬರೆದರು. ತಪ್ಪು ತಮ್ಮದು, ಇಳಕಲ್ಲಿನದು ಎಂದೂ ತಪ್ಪಿರಲಿಲ್ಲ, ಮುತ್ತಪ್ಪನವರ ಕ್ಷಮೆ ಕೇಳುತ್ತೇನೆ ಎಂದು. ಕಾರಣವನ್ನು ಬಿಡಿಸಿ ಬರೆಯಲು ಹೋಗಿ ಅಳಿಸಿದರು. ಮುತ್ತಪ್ಪ ಆ ಗ್ರೂಪಿನಲ್ಲಿಲ್ಲ ಎಂಬುದು ಬರೆದಾದ ಮೇಲೆ ನೆನಪಾಯಿತು. ಮರುದಿನ ಕಾಲೇಜಿಗೆ ರಜೆ ಹಾಕಿ ಇಳಕಲ್ಲಿನ ಬಸ್ಸು ಹತ್ತಿದರು.

ಮನೆ ಹುಡುಕಲು ತಡವಾಗಲಿಲ್ಲ. ಆದರೆ ಮುತ್ತಪ್ಪ ಫೋನಿನಲ್ಲಿ ಹೇಳುತ್ತಿದ್ದ ಅಂಗಳ ಅಲ್ಲಿರಲಿಲ್ಲ. ನಡುವೆ ಸಿಮೆಂಟು ಇಟ್ಟಿಗೆಯ, ಗಿಲಾವು ಕಾಣದ ಒಂದು ಗೋಡೆ ಎದ್ದಿತ್ತು. ಅವನ ಹೆಂಡತಿ ಅಂಬವ್ವ ಬಾಗಿಲಿಗೆ ಬಂದು, "ಬರ್ರಿ ಅಕ್ಕಾರ, ಯಾರು ಬೇಕಾಗಿತ್ತು?" ಎಂದಳು. ಹೆಸರು ಕೇಳಿದ ಮೇಲೆ ಮುಖ ಸ್ವಲ್ಪ ಬಿಗಿಯಾಯಿತು. ಆದರೂ ಚಾಪೆ ಹಾಸಿದಳು.

ಮುತ್ತಪ್ಪ ಮಗ್ಗದ ಕುಣಿಯಿಂದ ಎದ್ದು ಬಂದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದ್ದು ಅದೇ ಮೊದಲು. ಮಹೇಶ್ವರಿ ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತು ಒಂದೂ ಬಾಯಿಗೆ ಬರಲಿಲ್ಲ.

"ಮುತ್ತಪ್ಪಾರ, ತಪ್ಪು ನಿಮ್ಮದಲ್ಲ. ನನ್ನದು. ಮನಿ ಬದಲಿ ಮಾಡಿ ಪೆಟ್ಟಿಗಿಗೆ ಹೇಳೂದು ಮರತೆ. ನಿಮ್ಮ ಗಡಿಯಾರ ಒಂದು ದಿನಾನೂ ತಪ್ಪಿರಲಿಲ್ಲ."

ಮುತ್ತಪ್ಪ ಅದನ್ನು ಕೇಳಿ ಕೂತ. "ಖರೇನಾ?" ಎಂದ.

"ಖರೆ."

"ನಾ ನಂದ ತಪ್ಪಂತ ತಿಳಕೊಂಡಿದ್ನಿರಿ" ಎಂದ. "ಕಲ್ತವರು ಹೇಳ್ಯಾರ, ಹಂಗ ಇರಬೇಕು. ನಾ ಮಾಡಿದ ತಂತಿ, ನಾ ಮಾಡಿದ ಬೆಸುಗಿ. ಎಲ್ಲೋ ನಂಗ ತಿಳೀದಂಗ ತಪ್ಪೇತಿ ಅಂತ ಎಲ್ಲಾ ಬಿಚ್ಚಿ ಮೂರು ಸಲ ಮಾಡಿದ್ನಿ."

"ಆಂಟೆನಾ ಎಲ್ಲೈತಿ ಈಗ?"

"ತಗದ್ನಿರಿ."

ಅಂಬವ್ವ ಚಹಾ ತಂದಿಟ್ಟಳು. ಇಟ್ಟು ಹೋಗದೆ ಅಲ್ಲೇ ನಿಂತಳು. "ಗ್ವಾಡಿ ಸುದ್ದೀನೂ ಹೇಳ್ರಿ ಅವರಿಗೆ" ಎಂದು ಗಂಡನಿಗೆ ಹೇಳಿದಳು. ಅವನು ಹೇಳಲಿಲ್ಲ. ಅವಳೇ ಹೇಳಿದಳು.

ಇಡೀ ದಿನ ಮಗ್ಗ ನಿಲ್ಲಿಸೆಂದು ಮುತ್ತಪ್ಪ ಕೇಳಿದಾಗ ರಾಜೇಶನಿಗೆ ಮದುವೆಯ ಕಾಲದ ಸೀರೆಗಳನ್ನು ಕಳಿಸುವ ಗಡುವಿತ್ತು. ಒಂದು ತಾಸು ನಿಲ್ಲಿಸಿದ್ದಾಗಿದೆ, ಇನ್ನು ಆಗುವುದಿಲ್ಲ ಎಂದ. ವಿಮಾನದ ಆಟಕ್ಕೆ ಮನೆಯ ದುಡಿಮೆ ನಿಲ್ಲಿಸಬೇಕೇನು ಎಂದ. ಆಟ ಎಂಬ ಮಾತು ಮುತ್ತಪ್ಪನಿಗೆ ನಟ್ಟಿತು. ನಲವತ್ತು ಜನರ ಮುಂದೆ ಸಣ್ಣವನಾದ ಸಿಟ್ಟು ಮೊದಲೇ ಇತ್ತು. "ಯಂತ್ರದಾಗ ನೇಯ್ದು ಕೈಮಗ್ಗದ ಸೀರಿ ಅಂತ ಮಾರಾವಗ ನನ್ನ ಕೆಲಸ ಆಟನ ಕಾಣ್ತೈತಿ" ಎಂದುಬಿಟ್ಟ. ಓಣಿಯ ಜನ ಕೇಳಿಸಿಕೊಂಡರು. ರಾಜೇಶ ಎಂದೂ ಹಾಗೆ ಮಾರಿದವನಲ್ಲ. ವಾರದೊಳಗೆ ಅಡಿಗೆಮನೆ ಎರಡಾದವು. ಶ್ರಾವಣ ಮುಗಿಯುವುದರೊಳಗೆ ಗೋಡೆ ಎದ್ದಿತು.

"ಅವರೇನು ಮಾಡ್ಬೇಕು ಅದಕ್ಕ" ಎಂದ ಮುತ್ತಪ್ಪ ಹೆಂಡತಿಗೆ. "ಅಂದಾಂವ ನಾನು. ಮೇಡಮ್ಮಾರೇನು ಹಂಗ ಅನ್ನು ಅಂತ ಹೇಳಿರಲಿಲ್ಲ."

ಆ ಮಾತು ಮಹೇಶ್ವರಿಗೆ ಬೈದದ್ದಕ್ಕಿಂತ ಹೆಚ್ಚು ಕಠಿಣವಾಗಿ ತಾಗಿತು. ಮೇಲೆದ್ದು, "ನಾ ರಾಜೇಶ ಅವರಿಗೆ ಹೇಳಿ ಬರ್ತೇನಿ" ಎಂದರು. ಯಾರೂ ಬೇಡ ಎನ್ನಲಿಲ್ಲ.

ರಾಜೇಶ ಗೋಡೆಯಾಚೆಯ ಮನೆಯಲ್ಲಿ ಊಟಕ್ಕೆ ಕೂತಿದ್ದ. ಕೈ ತೊಳೆದು ಬಂದು ನಿಂತುಕೊಂಡೇ ಕೇಳಿದ. ಅಣ್ಣನಿಗಿಂತ ಎತ್ತರದ ಆಳು, ಆದರೆ ಹಣೆ, ಮೂಗು ಎಲ್ಲ ಅವನದೇ. ಪೂರ್ತಿ ಕೇಳಿದ ಮೇಲೆ ಹೇಳಿದ. "ಮೇಡಮ್ಮಾರ, ನನ್ನ ಮಗ್ಗದಿಂದ ಏನೂ ಆಗಿಲ್ಲ ಅಂತ ನಂಗ ಆವತ್ತ ಗೊತ್ತಿತ್ತರಿ. ಬಂದ್ ಮಾಡಿದ್ನಲ್ಲ, ಆಗೂ ಸರಿ ಆಗಲಿಲ್ಲ. ಅಷ್ಟು ನಂಗ ತಿಳೀತು. ನಿಮಗ್ಯಾಕ ತಿಳೀಲಿಲ್ಲ?"



"ಆದ್ರ ಇದು ವಿಮಾನದ ಜಗಳ ಅಲ್ಲ ಈಗ" ಎಂದ ರಾಜೇಶ, ದನಿ ತಗ್ಗಿಸಿ. "ಅಣ್ಣ ನನ್ನ ಕಳ್ಳ ಅಂದ. ಅದನ್ನ ನೀವು ಹೆಂಗ ವಾಪಸ್ ತರ್ತೀರಿ?"

ವಾಪಸು ಬರುವಾಗ ಹುನಗುಂದದಲ್ಲಿ ಇಳಿದರು. ತೌಸಿಫನಿಗೂ ಎದುರಿಗೇ ಹೇಳಬೇಕು ಎನಿಸಿತು. ಅವನು ಅಂಗಡಿಯ ಸ್ಟೂಲು ಒರೆಸಿ ಕೂರಿಸಿದ. ಎಲ್ಲ ಕೇಳಿ, ಬಿಚ್ಚಿಟ್ಟ ಮೊಬೈಲೊಂದರ ಸ್ಕ್ರೂಗಳನ್ನು ಬೆರಳಿಂದ ಸರಿಸುತ್ತ ಕೂತ.

"ನಂಗ ಆವಾಗ ಒಂದು ಅನುಮಾನ ಬಂದಿತ್ತು, ಮೇಡಮ್. ಮುತ್ತಪ್ಪಂದು ತಗದ ಮ್ಯಾಲೆ ಸೊಟ್ಟ ಗೆರಿ ನಿಂತ್ವು ಅಂದ್ರಿ. ಬರೇ ಮೂರು ಪೆಟ್ಟಿಗಿ ಇದ್ರ ನಿಮ್ಮ ಪ್ರೋಗ್ರಾಮ್ ಗೆರಿನ ಹಾಕೂದಿಲ್ಲಲ್ಲ, ನಾಲ್ಕು ಬೇಕು. ಸೊಟ್ಟಾನೂ ಇಲ್ಲ, ನೆಟ್ಟಗಾನೂ ಇಲ್ಲ."

"ಮತ್ತ ಯಾಕ ಹೇಳಲಿಲ್ಲ ನೀನು?"

ತೌಸಿಫ ತಲೆಯೆತ್ತಲಿಲ್ಲ. "ನೀವು ಬರದು ಮುಗಿಸಿಬಿಟ್ಟಿದ್ರಿ. ಎಲ್ಲಾರೂ ಕೈ ಮುಗದಿದ್ರು. ನಾನೂ ಮುಗದ್ನಿ." ಸ್ಕ್ರೂ ಒಂದನ್ನು ಡಬ್ಬಿಗೆ ಹಾಕಿ, "ಅವ ನಂಗ ಗೆಳೆಯ ಇದ್ದ, ಮೇಡಮ್. ನಾ ಹೇಳಬೇಕಿತ್ತು" ಎಂದ.

 ಗಿರಾಕಿಯೊಬ್ಬ ಬಂದು ಚಾರ್ಜರ್ ಕೇಳಿ ತೆಗೆದುಕೊಂಡು ಹೋದ. ಬಾಗಲಕೋಟೆಯ ಬಸ್ಸು ಬಂತು.

ಅದಾದ ಮೇಲೆ ಮಹೇಶ್ವರಿ ರವಿವಾರದ ಬರಹ ನಿಲ್ಲಿಸಿದರು. ಯಾರಾದರೂ ಕೇಳಿದರೆ ಗೊತ್ತಿದ್ದಷ್ಟು ಹೇಳುತ್ತಾರೆ, ಉಳಿದದ್ದನ್ನು ಬೀರೇಶನಿಗೋ ತೌಸಿಫನಿಗೋ ಕೇಳಿ ಎನ್ನುತ್ತಾರೆ. ಮುತ್ತಪ್ಪನಿಗೆ ಎರಡು ಸಲ ಫೋನ್ ಮಾಡಿದರು. ಈಗ ಎತ್ತುತ್ತಾನೆ, ಮರ್ಯಾದೆಯಿಂದ ಮಾತಾಡುತ್ತಾನೆ. ಆಂಟೆನಾ ಮತ್ತೆ ಏರಿಸಿ ಎಂದರೆ, "ಆ ಮನಸ ಉಳಿದಿಲ್ಲರಿ" ಎನ್ನುತ್ತಾನೆ. ಅವನ ದನಿಯಲ್ಲಿ ಸಿಟ್ಟಿದ್ದರೆ ಮಹೇಶ್ವರಿಗೆ ಎಷ್ಟೋ ಹಗುರಾಗುತ್ತಿತ್ತು.

ಯುಗಾದಿ ಕಳೆದು ನಾಲ್ಕೈದು ದಿನಕ್ಕೆ ಅಂಬವ್ವನ ಫೋನು ಬಂತು. ಹಬ್ಬದ ದಿನ ರಾಜೇಶ ಬೇವು ಬೆಲ್ಲ ಕೊಡಲು ಬಂದಿದ್ದನಂತೆ. ಬಾಗಿಲಲ್ಲೇ ಕೊಟ್ಟು ಹೋಗುತ್ತಾನೆ ಅಂದುಕೊಂಡರೆ ಒಳಗೆ ಬಂದು ಕೂತನಂತೆ. ಅಣ್ಣ ತಮ್ಮ ಮಾತಾಡಿದ್ದು ಬಿಸಿಲಿನ ಬಗ್ಗೆ, ನೀರು ಬಿಡುವ ದಿನದ ಬಗ್ಗೆ, ಅಷ್ಟೇ.

"ಗ್ವಾಡಿ?" ಎಂದು ಮಹೇಶ್ವರಿ ಕೇಳಿದರು.

"ಅದ್ಯಾಕ ಹೋಗ್ತೈತಿ ಬಿಡ್ರಿ ಅಕ್ಕಾರ" ಎಂದಳು ಅಂಬವ್ವ. "ಅದರ ಮ್ಯಾಲೆ ಈಗ ಎರಡೂ ಮನಿಯವರು ಅರಿವಿ ಒಣಗ ಹಾಕ್ತೀವಿ."